ವ್ಯಾಂಪೈರ್ ಆಟದಲ್ಲಿ ಸ್ಟೇಟಸ್: ಯಾರು ಮೇಲು, ಯಾಕೆ ಮೇಲು?

ಪ್ರಶ್ನೆ: ನಾವು ಐದು ಜನ ನಾಲ್ಕು ತಿಂಗಳಿಂದ ‘ವ್ಯಾಂಪೈರ್: ದಿ ಮಾಸ್ಕರೇಡ್’ ಆಡುತ್ತಿದ್ದೇವೆ. ಟೇಬಲ್ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರೂ ಒಂದೊಂದು ವ್ಯಾಂಪೈರ್ ಪಾತ್ರವಾಗಿ ಕಥೆ ಕಟ್ಟುವ ಆಟ ಇದು. 20ನೇ ವರ್ಷದ ವಿಶೇಷ ಆವೃತ್ತಿ. ನನ್ನದು ವೆಂಟ್ರೂ ಕ್ಲಾನ್‌ನ (ವ್ಯಾಂಪೈರ್ ಕುಲದ) ಪಾತ್ರ. ಸ್ಟೇಟಸ್‌ಗೆ ಮೂರು ಚುಕ್ಕೆ (ಪಾತ್ರದ ಬಲಾಬಲ ಅಳೆಯುವ ಅಂಕ) ಹಾಕಿದ್ದೇನೆ. ಗೆಳೆಯನ ಬ್ರೂಹಾ ಕ್ಲಾನ್ ಪಾತ್ರಕ್ಕೆ ಐದೂ ಚುಕ್ಕೆ ಜನರೇಷನ್‌ಗೇ ಹೋಗಿದೆ. ಅಂದರೆ ಎಂಟನೇ ಜನರೇಷನ್, ಸ್ಟೇಟಸ್ ಸೊನ್ನೆ. ಹೋದ ವಾರ ಅವನು ಎಲಿಸಿಯಂನಲ್ಲಿ, ಅಂದರೆ ವ್ಯಾಂಪೈರ್‌ಗಳು ಸೇರುವ, ಕೈ ಮಾಡುವಂತಿಲ್ಲದ ಜಾಗದಲ್ಲಿ, ಒಬ್ಬ ಪ್ರೈಮೋಜೆನ್‌ಗೆ (ಕ್ಲಾನ್ ಪರ ಮಾತಾಡುವ ಹಿರಿಯರಿಗೆ) ಎದುರುತ್ತರ ಕೊಟ್ಟ. ‘ನನ್ನ ರಕ್ತ ಗಟ್ಟಿ, ನಾನ್ಯಾಕೆ ತಲೆ ತಗ್ಗಿಸಬೇಕು’ ಅನ್ನೋದು ಅವನ ವಾದ. ಆಟ ನಡೆಸುವ ಸ್ಟೋರಿಟೆಲರ್ ಒಪ್ಪಲಿಲ್ಲ, ಆಟ ಅಲ್ಲಿಗೇ ನಿಂತಿದೆ. ನನ್ನ ಗೋಳು ಬೇರೆ: ಮೂರು ಚುಕ್ಕೆಯಿಂದ ಇದುವರೆಗೆ ನನಗೆ ಏನೂ ಸಿಕ್ಕಿಲ್ಲ. ಸ್ಟೇಟಸ್ ಅಂದರೆ ನಿಜವಾಗಿ ಏನು? ಅದನ್ನು ಬಳಸೋದು, ಏರಿಸೋದು ಹೇಗೆ?

ಉತ್ತರ: ನಿಮ್ಮ ಸ್ಟೋರಿಟೆಲರ್ ಹೇಳಿದ್ದು ಸರಿ. ಆದರೆ ನಿಮ್ಮ ಗೆಳೆಯನ ಗೊಂದಲವೂ ಸಹಜವೇ. ಈ ಆಟ 1991ರಲ್ಲಿ ಬಂದಾಗಿನಿಂದ ಹೊಸಬರು ಮೊದಲು ಎಡವುವ ಜಾಗಗಳಲ್ಲಿ ಇದೂ ಒಂದು. ಯಾಕೆಂದರೆ ‘ದೊಡ್ಡವರು’ ಅನ್ನೋದನ್ನು ಈ ಆಟ ಒಂದೇ ಅಳತೆಯಲ್ಲಿ ಅಳೆಯುವುದಿಲ್ಲ. ವಯಸ್ಸು ಒಂದು, ಜನರೇಷನ್ ಒಂದು, ಹುದ್ದೆ ಒಂದು, ಸ್ಟೇಟಸ್ ಇನ್ನೊಂದು. ನಾಲ್ಕೂ ಸಾಮಾನ್ಯವಾಗಿ ಒಟ್ಟಿಗೇ ಸಾಗುತ್ತವೆ. ಹಳೆಯ ವ್ಯಾಂಪೈರ್‌ಗೆ ರಕ್ತವೂ ಗಟ್ಟಿ, ಹುದ್ದೆಯೂ ಇರುತ್ತದೆ, ಹೆಸರೂ ಇರುತ್ತದೆ. ಹಾಗಾಗಿ ನಾಲ್ಕೂ ಒಂದೇ ಅಂತ ಅನ್ನಿಸಿಬಿಡುತ್ತದೆ. ಇವು ಒಂದಕ್ಕೊಂದು ಹೊಂದದೇ ಹೋದ ಕಡೆಯೇ ಕಥೆ ಹುಟ್ಟೋದು. ನಿಮ್ಮ ಟೇಬಲ್‌ನಲ್ಲಿ ಈಗ ಆಗಿರುವುದೂ ಅದೇ.

ಮೊದಲು ಜನರೇಷನ್ ವಿಷಯ ಮುಗಿಸೋಣ. ಈ ಆಟದ ಕಥೆಯಲ್ಲಿ ಮೊದಲ ವ್ಯಾಂಪೈರ್ ಕೇನ್. ಅವನಿಂದ ಎಷ್ಟನೇ ಮೆಟ್ಟಿಲು ಅನ್ನೋದೇ ಜನರೇಷನ್. ಸಂಖ್ಯೆ ಕಡಿಮೆ ಆದಷ್ಟೂ ರಕ್ತ ಗಟ್ಟಿ. ಹೊಸ ಪಾತ್ರ ಸುಮ್ನೆ ಶುರುವಾದರೆ 13ನೇ ಜನರೇಷನ್. ನಿಮ್ಮ ಆವೃತ್ತಿಯಲ್ಲಿ 13ನೆಯವನ ಮೈಯಲ್ಲಿ 10 ಬ್ಲಡ್ ಪಾಯಿಂಟ್ (ಶಕ್ತಿ ಬಳಸಲು ಖರ್ಚಾಗುವ ರಕ್ತದ ಅಳತೆ) ಹಿಡಿಸುತ್ತವೆ, ಒಂದು ಸುತ್ತಿಗೆ ಒಂದು ಮಾತ್ರ ಖರ್ಚು ಮಾಡಬಹುದು. ಎಂಟನೆಯವನಿಗೆ 15 ಹಿಡಿಸುತ್ತವೆ, ಸುತ್ತಿಗೆ 3 ಖರ್ಚು ಮಾಡಬಹುದು. ಜೊತೆಗೆ, ತನಗಿಂತ ಗಟ್ಟಿ ರಕ್ತದವರ ಮೇಲೆ ಡಾಮಿನೇಟ್ (ಬೇರೆಯವರ ಮನಸ್ಸನ್ನು ಆಳುವ ಶಕ್ತಿ) ಪ್ರಯೋಗ ನಡೆಯುವುದಿಲ್ಲ. ಆದ್ದರಿಂದ ನಿಮ್ಮ ಗೆಳೆಯನ ಕೈಯಲ್ಲಿ ನಿಜವಾದ ಶಕ್ತಿ ಇದೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಜಗಳ ಹತ್ತಿದರೆ ಆ ಪ್ರೈಮೋಜೆನ್ ಕೂಡ ಎರಡು ಸಲ ಯೋಚಿಸಬೇಕು.

ಆದರೆ ಜನರೇಷನ್ ಹಣೆಯ ಮೇಲೆ ಬರೆದಿರುವುದಿಲ್ಲ. ಇನ್ನೊಂದು ಮಾತು ಜಾಸ್ತಿ ಮುಖ್ಯ. ಯಾರೂ ಕೇಳರಿಯದ ಒಬ್ಬ ಹುಡುಗ, ನೂರು ವರ್ಷವೂ ತುಂಬಿಲ್ಲ, ರಕ್ತ ಮಾತ್ರ ಎಂಟನೇ ಜನರೇಷನ್‌ದು ಅಂತ ಹೇಗೋ ಗೊತ್ತಾಯಿತು ಅಂದುಕೊಳ್ಳಿ. ಕಮರಿಲ್ಲಾದ (ಮನುಷ್ಯರಿಂದ ಅಡಗಿ ಬಾಳುವ ವ್ಯಾಂಪೈರ್‌ಗಳ ಒಕ್ಕೂಟದ) ಹಿರಿಯರು ಅವನಿಗೆ ಕೈ ಮುಗಿಯುತ್ತಾರಾ? ಇಲ್ಲ. ‘ಇವನ ಸೈರ್ (ಇವನನ್ನು ವ್ಯಾಂಪೈರ್ ಮಾಡಿದವರು) ಯಾರು? ಏಳನೇ ಜನರೇಷನ್‌ನವರು ಇಲ್ಲಿಗೆ ಬಂದು ಇವನನ್ನು ಮಾಡಿ ಹೋದರೂ ನಮಗೆ ಯಾಕೆ ಗೊತ್ತಾಗಲಿಲ್ಲ? ಅಥವಾ ಇವನು ಯಾರದ್ದಾದರೂ ಆತ್ಮ ಕುಡಿದು ಮೇಲೆ ಬಂದಿದ್ದಾನಾ?’ ಅಂತ ಕೇಳುತ್ತಾರೆ. ಕೊನೆಯ ಪ್ರಶ್ನೆಯೇ ಡಯಬ್ಲರಿ. ಒಬ್ಬ ವ್ಯಾಂಪೈರ್ ಇನ್ನೊಬ್ಬರ ರಕ್ತವನ್ನೂ ಆತ್ಮವನ್ನೂ ಹೀರಿ ಜನರೇಷನ್ ಇಳಿಸಿಕೊಳ್ಳುವುದು. ಕಮರಿಲ್ಲಾದಲ್ಲಿ ಅದಕ್ಕೆ ಶಿಕ್ಷೆ ಅಂತಿಮ ಸಾವು. ಮಾಡಿದವರ ಆರಾದಲ್ಲಿ (ಮೈ ಸುತ್ತಲಿನ ಪ್ರಭೆಯಲ್ಲಿ) ಕಪ್ಪು ಗೆರೆಗಳು ಓಡುತ್ತವೆ, ಆಸ್ಪೆಕ್ಸ್ ಅನ್ನೋ ಸೂಕ್ಷ್ಮದೃಷ್ಟಿಯ ಶಕ್ತಿ ಇದ್ದವರು ಅದನ್ನು ನೋಡಬಲ್ಲರು. ಸ್ಟೇಟಸ್ ಇಲ್ಲದ ಗಟ್ಟಿ ರಕ್ತ ಅಂದರೆ ಇಷ್ಟು ಅನುಮಾನ ಕಟ್ಟಿಕೊಂಡು ಓಡಾಡಿದ ಹಾಗೆ. ನಿಮ್ಮ ಗೆಳೆಯ ಎಲಿಸಿಯಂನಲ್ಲಿ ‘ನನ್ನ ರಕ್ತ ಗಟ್ಟಿ’ ಅಂತ ಬಾಯಿಬಿಟ್ಟು ಹೇಳಿದ್ದೇ ನಿಜವಾದರೆ, ಪ್ರೈಮೋಜೆನ್‌ಗೆ ಎದುರಾಡಿದ್ದಕ್ಕಿಂತ ಅದು ದೊಡ್ಡ ಎಡವಟ್ಟು.

ಈಗ ಸ್ಟೇಟಸ್‌ಗೆ ಬರೋಣ. ನಮ್ಮಲ್ಲಿ ‘ಅವನಿಗೆ ಎಲ್ಲೂ ಸಾಲ ಹುಟ್ಟಲ್ಲ’ ಅನ್ನುತ್ತೇವೆ ಅಲ್ವಾ? ಅವನ ಹತ್ತಿರ ದುಡ್ಡು ಇರಬಹುದು, ತೋಳಲ್ಲಿ ಬಲ ಇರಬಹುದು, ಆದರೆ ಅವನ ಮಾತಿನ ಮೇಲೆ ಯಾರೂ ಏನೂ ಕೊಡುವುದಿಲ್ಲ ಅಂತ ಅರ್ಥ. ಇಷ್ಟು ವರ್ಷ ಈ ಆಟ ನಡೆಸಿದ ಮೇಲೆ ಸ್ಟೇಟಸ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ನಿಮ್ಮ ಬಾಯಿಮಾತಿನ ಮೇಲೆ ಎಷ್ಟು ಸಾಲ ಹುಟ್ಟುತ್ತದೆ ಅನ್ನೋದರ ಲೆಕ್ಕ ಅದು. ಚುಕ್ಕೆಗಳು ನಿಮ್ಮ ಕ್ಯಾರೆಕ್ಟರ್ ಶೀಟ್‌ನಲ್ಲಿ ಇರುತ್ತವೆ, ಆದರೆ ಅವು ನಿಂತಿರುವುದು ಬೇರೆಯವರ ನೆನಪಿನಲ್ಲಿ.

ನಿಮ್ಮ ಆವೃತ್ತಿಯ ಪ್ರಕಾರ ಒಂದು ಚುಕ್ಕೆ ಅಂದರೆ ಜನ ಗುರುತಿಸುವ ನಿಯೋನೇಟ್, ಅಂದರೆ ತನ್ನ ಸೈರ್‌ನಿಂದ ಬಿಡುಗಡೆಯಾದ ಹೊಸಬ. ಎರಡು ಅಂದರೆ ಗೌರವ ಗಳಿಸಿದ ಆನ್ಸಿಲ್ಲಾ, ಅಂದರೆ ಹೊಸಬರಿಗೂ ಹಿರಿಯರಿಗೂ ನಡುವಿನವ. ಮೂರು ಅಂದರೆ ಎಲ್ಡರ್‌ಗೆ (ಹಿರಿಯರಿಗೆ) ಸಿಗುವ ಮಟ್ಟದ ಪ್ರಭಾವ. ನಾಲ್ಕು ಪ್ರೈಮೋಜೆನ್ ಮಟ್ಟ, ಐದು ನಗರ ಆಳುವ ಪ್ರಿನ್ಸ್ ಮಟ್ಟ. ಕ್ಲಾನ್ ಇಲ್ಲದ ಕೈಟಿಫ್ ಪಾತ್ರ ಶುರುವಿನಲ್ಲಿ ಸ್ಟೇಟಸ್ ತೆಗೆದುಕೊಳ್ಳುವಂತೆಯೇ ಇಲ್ಲ. 2018ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಸೊನ್ನೆಗಿಂತ ಕೆಳಗೂ ಇದೆ. ‘ಅನುಮಾನಕ್ಕೆ ಒಳಗಾದವರು’, ‘ಎಲ್ಲರೂ ದೂರ ಇಟ್ಟವರು’ ಅಂತ ಎರಡು ದೋಷಗಳನ್ನು ಪಾತ್ರಕ್ಕೆ ಹಚ್ಚಬಹುದು.

ಈ ಪಟ್ಟಿ ನೋಡಿದರೆ ನಿಮ್ಮ ಮೂರು ಚುಕ್ಕೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಹೊಸ ಪಾತ್ರಕ್ಕೆ ಮೂರು ಇದೆ ಅಂದರೆ ಅದಕ್ಕೊಂದು ಕಾರಣ ಇರಲೇಬೇಕು. ನಿಮ್ಮ ಸೈರ್ ಪ್ರಿನ್ಸ್‌ಗೆ ಹತ್ತಿರದವರಾ? ನೀವು ಯಾವುದೋ ದೊಡ್ಡ ಅನಾಹುತ ತಪ್ಪಿಸಿದಿರಾ? ನಿಮಗೆ ಏನೂ ಸಿಗುತ್ತಿಲ್ಲ ಅನ್ನುವುದಕ್ಕೆ ಮೂಲ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ‘ಇವರಿಗೆ ಯಾಕೆ ಮರ್ಯಾದೆ’ ಅನ್ನೋದು ನೀವೂ ಹೇಳಿಲ್ಲ, ಸ್ಟೋರಿಟೆಲರ್ ಕೂಡ ಕೇಳಿಲ್ಲ. ಕಾರಣ ಗೊತ್ತಿಲ್ಲದ ಮರ್ಯಾದೆಯನ್ನು ಯಾವ ಪಾತ್ರವೂ ತೋರಿಸೋಕೆ ಆಗುವುದಿಲ್ಲ. ಒಂದು ಸಂಜೆ ಕೂತು ಅರ್ಧ ಪುಟ ಬರೆದುಕೊಡಿ: ನಿಮ್ಮನ್ನು ಮೆಚ್ಚುವವರು ಯಾರು, ಯಾವ ಕೆಲಸಕ್ಕೆ, ಅದರಿಂದ ಹೊಟ್ಟೆ ಉರಿದುಕೊಂಡವರು ಯಾರು. ಕೊನೆಯದನ್ನು ಮರೆಯಬೇಡಿ. ಹೊಟ್ಟೆ ಉರಿದುಕೊಂಡವರು ಇಲ್ಲದ ಸ್ಟೇಟಸ್ ಬಹಳ ದಿನ ಬಾಳುವುದಿಲ್ಲ, ಕಥೆಗೂ ಉಪಯೋಗಕ್ಕೆ ಬರುವುದಿಲ್ಲ.

ದಾಳದ ಲೆಕ್ಕ ಸುಲಭ. ಸ್ಟೇಟಸ್ ಲೆಕ್ಕಕ್ಕೆ ಬರುವ ಮಾತುಕತೆಯಲ್ಲಿ ಕರಿಸ್ಮಾ (ಆಕರ್ಷಣೆ) ಅಥವಾ ಮ್ಯಾನಿಪ್ಯುಲೇಷನ್ (ಬೇರೆಯವರನ್ನು ಬಳಸಿಕೊಳ್ಳುವ ಚಾತುರ್ಯ) ಜೊತೆಗೆ ಸ್ಟೇಟಸ್ ಚುಕ್ಕೆಗಳನ್ನೂ ಸೇರಿಸಿ ದಾಳ ಹಾಕುವಂತೆ ಸ್ಟೋರಿಟೆಲರ್ ಹೇಳಬಹುದು. ಪ್ರಿನ್ಸ್ ಭೇಟಿಗೆ ಸಮಯ ಕೇಳುವಾಗ, ಶೆರಿಫ್ ನಿಮ್ಮನ್ನು ತಡೆದಾಗ, ಹೊಸಬರೊಬ್ಬರ ಪರ ಮಾತಾಡುವಾಗ. ಆದರೆ ಇದು ಕಮರಿಲ್ಲಾ ಒಳಗೆ ಮಾತ್ರ ಚಲಾವಣೆ. ಮನುಷ್ಯರಿಗೆ ನಿಮ್ಮ ಸ್ಟೇಟಸ್ ಗೊತ್ತೇ ಇಲ್ಲ. ಕಮರಿಲ್ಲಾದ ಹಿರಿಯರಿಗೆ ತಿರುಗಿಬಿದ್ದ ಅನಾರ್ಕ್‌ಗಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಕಮರಿಲ್ಲಾದ ಶತ್ರು ಪಂಗಡವಾದ ಸಬಾತ್‌ನಲ್ಲಿ ಡಕ್ಟಸ್, ಬಿಷಪ್, ಆರ್ಚ್‌ಬಿಷಪ್ ಅಂತ ಬೇರೆಯೇ ಏಣಿ ಇದೆ. ಅಲ್ಲಿ ಗಳಿಸಿದ ಹೆಸರು ಇಲ್ಲಿ ನಿಮ್ಮ ತಲೆ ಉರುಳಿಸಬಹುದು.

ದಾಳಕ್ಕಿಂತ ನನಗೆ ಇಷ್ಟ ಋಣದ ಲೆಕ್ಕ. ಕಮರಿಲ್ಲಾದಲ್ಲಿ ದುಡ್ಡಿಗೆ ಬೆಲೆ ಕಡಿಮೆ. ನೂರಾರು ವರ್ಷ ಬದುಕಿದವರಿಗೆ ದುಡ್ಡು ಹೇಗಾದರೂ ಬರುತ್ತದೆ. ಅವರು ಕೊಟ್ಟು ತೆಗೆದುಕೊಳ್ಳುವುದು ಉಪಕಾರ. ಆಟದಲ್ಲಿ ಇದಕ್ಕೆ ‘ಬೂನ್’ ಅನ್ನುತ್ತಾರೆ, ಈ ಇಡೀ ವ್ಯವಹಾರಕ್ಕೆ ‘ಪ್ರೆಸ್ಟೇಷನ್’. ನಾನು ನನ್ನ ಟೇಬಲ್‌ನಲ್ಲಿ ‘ಋಣ’ ಅಂತಲೇ ಕರೆಯುತ್ತೇನೆ. ನಮ್ಮ ಭಾಷೆಯಲ್ಲಿ ಆ ಪದಕ್ಕೆ ಇರುವ ತೂಕ ಬೂನ್‌ಗೆ ಬರುವುದಿಲ್ಲ. ಸಣ್ಣಪುಟ್ಟ ಋಣದಿಂದ ಹಿಡಿದು ಜೀವದ ಋಣದವರೆಗೆ ಮೆಟ್ಟಿಲುಗಳಿವೆ. ಒಂದು ರಾತ್ರಿಗೆ ಒಂದು ಸುದ್ದಿ ತಿಳಿಸಿದರೆ ಅದು ಚಿಕ್ಕದು. ಶತ್ರುವಿನಿಂದ ಆಸ್ತಿ ಅಥವಾ ಅಡಗುತಾಣ ಉಳಿಸಿಕೊಟ್ಟರೆ ದೊಡ್ಡದು. ಅಂತಿಮ ಸಾವಿನಿಂದ ಕಾಪಾಡಿದರೆ ಜೀವದ ಋಣ.

ಒಂದು ಉದಾಹರಣೆ ನೋಡಿ. ನಿಮ್ಮ ಪಾತ್ರ ರಕ್ತ ಕುಡಿಯುವಾಗ ಒಂದು ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. ಬೆಳಗಾಗುವುದರೊಳಗೆ ಅದನ್ನು ಅಳಿಸಬೇಕು. ಆ ಕೆಲಸ ಮಾಡಬಲ್ಲವನು ನಾಸ್ಫೆರಾಟು ಅನ್ನೋ ಕ್ಲಾನ್‌ನ ಒಬ್ಬ. ಗೆಳೆಯ ಕೇಳಿದರೆ ಅವನು ‘ಮೊದಲು ನನ್ನ ಕೆಲಸ ಮಾಡಿಕೊಡು, ಆಮೇಲೆ ನೋಡೋಣ’ ಅನ್ನುತ್ತಾನೆ. ಸೊನ್ನೆ ಸ್ಟೇಟಸ್‌ನವನು ನಾಳೆ ಊರು ಬಿಟ್ಟು ಓಡಿದರೆ ಏನು ಗತಿ? ಅದೇ ಕೆಲಸಕ್ಕೆ ನೀವು ಹೋಗಿ ‘ಇದು ನನ್ನ ಮೇಲಿನ ಋಣ’ ಅಂತ ಒಂದು ಮಾತು ಹೇಳಿದರೆ ಅವನು ಆಗಲೇ ಕೀಬೋರ್ಡ್ ಮುಂದೆ ಕೂರುತ್ತಾನೆ. ದಾಳ ಬೇಡ, ಬೆದರಿಕೆ ಬೇಡ. ಮೂರು ಚುಕ್ಕೆಯವರು ತನಗೆ ಋಣಿ ಅನ್ನೋದು ಅವನಿಗೆ ಆಸ್ತಿ. ಬೇಕಾದರೆ ಅದನ್ನು ಅವನು ಇನ್ನೊಬ್ಬರಿಗೆ ವರ್ಗಾಯಿಸಬಹುದು ಕೂಡ. ನಿಮ್ಮ ಸ್ಟೇಟಸ್ ನಿಮಗೆ ಕೊಡುವುದು ಇದನ್ನೇ. ನಾಲ್ಕು ತಿಂಗಳಲ್ಲಿ ನೀವು ಒಂದು ಸಲವಾದರೂ ಹೀಗೆ ಋಣ ಮಾಡಿದಿರಾ? ಮಾಡದಿದ್ದರೆ, ಇದೇ ಶುರು ಮಾಡಬೇಕಾದ ಜಾಗ.

ಈ ಲೆಕ್ಕವನ್ನೆಲ್ಲ ನೆನಪಿಟ್ಟುಕೊಳ್ಳುವವರು ಹಾರ್ಪಿಗಳು. ಪ್ರಿನ್ಸ್ ಆಳುತ್ತಾರೆ, ಸೆನೆಶಲ್ ಆಡಳಿತ ನೋಡಿಕೊಳ್ಳುತ್ತಾರೆ, ಶೆರಿಫ್ ಹಿಡಿದು ತರುತ್ತಾರೆ, ಪ್ರೈಮೋಜೆನ್‌ಗಳು ತಮ್ಮ ತಮ್ಮ ಕ್ಲಾನ್ ಪರವಾಗಿ ಮಾತಾಡುತ್ತಾರೆ. ಆದರೆ ಯಾರಿಗೆ ಬೆಲೆ, ಯಾರಿಗೆ ಇಲ್ಲ ಅನ್ನೋದು ಹಾರ್ಪಿ ಬಾಯಲ್ಲಿದೆ. ನಿಮ್ಮ ಸ್ಟೋರಿಟೆಲರ್ ಹಾರ್ಪಿಯನ್ನು ಇನ್ನೂ ಕಥೆಗೆ ತಂದಿಲ್ಲದಿದ್ದರೆ ದಯವಿಟ್ಟು ತರಲಿ. ಹಾರ್ಪಿ ಇಲ್ಲದ ಕಡೆ ಸ್ಟೇಟಸ್ ಬರೀ ಅಂಕಿಯಾಗಿ ಉಳಿಯುತ್ತದೆ.

ನಾನೂ ಮೊದಲ ವರ್ಷಗಳಲ್ಲಿ ಈ ತಪ್ಪು ಮಾಡಿದ್ದೇನೆ. ಕಥೆ ಮುಗಿದಾಗಲೆಲ್ಲ ಬಹುಮಾನದ ಹಾಗೆ ಸ್ಟೇಟಸ್ ಚುಕ್ಕೆ ಹಂಚುತ್ತಿದ್ದೆ. ಆಟಗಾರರು ಬರೆದುಕೊಳ್ಳುತ್ತಿದ್ದರು, ಮರೆಯುತ್ತಿದ್ದರು. ಅದು ಬದಲಾಗಿದ್ದು ಒಂದು ರಾತ್ರಿಯ ಆಟದಲ್ಲಿ. ಕಥೆಯೊಳಗಿನ ಎಲಿಸಿಯಂ ಒಂದು ವಸ್ತುಸಂಗ್ರಹಾಲಯ. ಬಾಗಿಲು ಮುಚ್ಚಿದ ಮೇಲೆ ದೊಡ್ಡ ಹಜಾರದಲ್ಲಿ ಹತ್ತು ಹನ್ನೆರಡು ವ್ಯಾಂಪೈರ್‌ಗಳು ನಿಂತಿದ್ದಾರೆ. ಮಧ್ಯದಲ್ಲಿ ಟೊರೆಡಾರ್ ಕ್ಲಾನ್‌ನ ಹಾರ್ಪಿ, ಒಂದು ಚಿತ್ರದ ಮುಂದೆ. ನಮ್ಮ ಒಬ್ಬ ಆಟಗಾರನ ಪಾತ್ರ ಒಳಗೆ ಬಂತು. ಹಿಂದಿನ ವಾರ ಅವನು ಒಂದು ಸಣ್ಣ ಋಣ ತೀರಿಸದೆ ತಪ್ಪಿಸಿಕೊಂಡಿದ್ದ. ಯಾರಿಗೂ ಗೊತ್ತಾಗಿಲ್ಲ ಅಂತ ಅವನ ನಂಬಿಕೆ. ಹಾರ್ಪಿ ಅಲ್ಲಿವರೆಗೆ ಅವನನ್ನು ‘ನೀವು’ ಅಂತ ಕರೆಯುತ್ತಿದ್ದಳು. ಆ ರಾತ್ರಿ ಚಿತ್ರದಿಂದ ಕಣ್ಣು ತೆಗೆಯದೆ, ‘ಓ, ನೀನಾ? ಬಂದೆಯಾ’ ಅಂದಳು. ಅಷ್ಟೇ. ಪಕ್ಕದಲ್ಲಿದ್ದ ಇಬ್ಬರು ಅವನಿಗೆ ಬೆನ್ನು ಹಾಕಿದರು. ನಾನು ದಾಳ ಮುಟ್ಟಲಿಲ್ಲ, ಚುಕ್ಕೆ ಹೋಯಿತು ಅಂತಲೂ ಹೇಳಲಿಲ್ಲ. ಆಟಗಾರ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ತಾನೇ ರಬ್ಬರ್ ತಗೊಂಡು ಶೀಟ್‌ನಲ್ಲಿ ಒಂದು ಚುಕ್ಕೆ ಅಳಿಸಿದ.

ಕನ್ನಡದಲ್ಲಿ ಆಡುವ ನಮಗೆ ಇದೊಂದು ದೊಡ್ಡ ಅನುಕೂಲ. ‘ನೀನು’, ‘ನೀವು’, ‘ತಾವು’ ಅನ್ನೋ ಮೂರು ಪದಗಳಲ್ಲೇ ಕಮರಿಲ್ಲಾದ ಅರ್ಧ ಏಣಿ ಇದೆ. ಇಂಗ್ಲಿಷ್‌ನಲ್ಲಿ ಆಡುವವರಿಗೆ ಇದಕ್ಕೆ ಬಿರುದು, ವಿಶೇಷಣ ಎಲ್ಲ ಬೇಕು. ನಿಯೋನೇಟ್ ಪ್ರಿನ್ಸ್‌ಗೆ ‘ತಾವು’ ಅನ್ನಬೇಕು, ಪ್ರಿನ್ಸ್ ಅವನಿಗೆ ‘ನೀನು’ ಅನ್ನುತ್ತಾರೆ. ಒಂದು ದಿನ ಪ್ರಿನ್ಸ್ ಬಾಯಲ್ಲಿ ‘ನೀವು’ ಬಂದರೆ ಇಡೀ ಹಜಾರ ತಿರುಗಿ ನೋಡುತ್ತದೆ. ಒಂದು ಚುಕ್ಕೆ ಏರಿದ್ದನ್ನು ತೋರಿಸಲು ಇದಕ್ಕಿಂತ ಚೆನ್ನಾದ ದಾರಿ ನನಗೆ ಸಿಕ್ಕಿಲ್ಲ.

ಏರಿಸೋದು ಹೇಗೆ ಅಂತ ಕೇಳಿದಿರಿ. ಐದನೇ ಆವೃತ್ತಿಯಲ್ಲಿ ಚುಕ್ಕೆಗೆ ಮೂರು ಅನುಭವದ ಅಂಕ ಕೊಟ್ಟು ಇಂಥ ಅನುಕೂಲಗಳನ್ನು ಏರಿಸಬಹುದು. ನಿಮ್ಮ ಆವೃತ್ತಿಯಲ್ಲಿ ಅದು ಕಥೆಯಿಂದಲೇ ಬರಬೇಕು. ಯಾವ ಆವೃತ್ತಿ ಆದರೂ ನಾನು ಕಥೆಯಲ್ಲಿ ಕಾರಣ ಕಾಣದೆ ಏರಿಸಲು ಬಿಡುವುದಿಲ್ಲ. ಕಾರಣಗಳನ್ನು ಹುಡುಕಲು ಕಮರಿಲ್ಲಾದ ಆರು ಸಂಪ್ರದಾಯಗಳನ್ನು ಓದಿ: ಮಾಸ್ಕರೇಡ್ (ಮನುಷ್ಯರಿಂದ ಅಡಗಿರುವ ನಿಯಮ), ವಲಯ, ಸಂತಾನ, ಹೊಣೆ, ಆತಿಥ್ಯ, ಸಂಹಾರ. ಎಲ್ಲರೂ ಅದನ್ನು ಕಾನೂನು ಅಂತ ಓದುತ್ತಾರೆ. ನೀವು ಹೆಸರು ಗಳಿಸುವ ದಾರಿ ಅಂತ ಓದಿ ನೋಡಿ. ಬೇರೆಯವರು ಮುರಿದ ಮಾಸ್ಕರೇಡನ್ನು ಸದ್ದಿಲ್ಲದೆ ಸರಿಮಾಡಿ, ಅದು ಸರಿಯಾದ ಕಿವಿಗೆ ಬೀಳುವಂತೆ ನೋಡಿಕೊಳ್ಳುವುದು. ಹೊಸಬರನ್ನು ಪ್ರಿನ್ಸ್ ಮುಂದೆ ಕರೆದುಕೊಂಡು ಹೋಗಿ ಪರಿಚಯಿಸಿ, ಆತಿಥ್ಯದ ನಿಯಮ ಪಾಲಿಸುವುದು. ಒಪ್ಪಿಗೆ ಪಡೆದು ಚೈಲ್ಡ್ (ತಾನೇ ವ್ಯಾಂಪೈರ್ ಮಾಡಿದ ಹೊಸಬ) ಮಾಡಿ, ಚೆನ್ನಾಗಿ ಬೆಳೆಸಿ ಬಿಡುಗಡೆ ಮಾಡುವುದು. ನಾಲ್ಕನೇ ಸಂಪ್ರದಾಯದ ಪ್ರಕಾರ ಬಿಡುಗಡೆ ಆಗುವವರೆಗೆ ಚೈಲ್ಡ್ ಮಾಡಿದ ತಪ್ಪೆಲ್ಲ ಸೈರ್ ತಲೆ ಮೇಲೆ. ಅದಕ್ಕೇ ಹೊಸ ಫ್ಲೆಡ್ಜ್‌ಲಿಂಗ್‌ಗೆ (ಇನ್ನೂ ಬಿಡುಗಡೆ ಆಗದವನಿಗೆ) ಸ್ವಂತ ಸ್ಟೇಟಸ್ ಇರುವುದಿಲ್ಲ, ಅವನು ಓಡಾಡುವುದೆಲ್ಲ ಸೈರ್ ಹೆಸರಿನ ಖರ್ಚಿನಲ್ಲಿ.

ಕಳೆದುಕೊಳ್ಳುವುದು ಇದಕ್ಕಿಂತ ಸುಲಭ. ಋಣ ತಪ್ಪಿಸುವುದು, ಎಲಿಸಿಯಂನಲ್ಲಿ ಕೈ ಎತ್ತುವುದು ಅಥವಾ ಡಿಸಿಪ್ಲಿನ್ (ವ್ಯಾಂಪೈರ್‌ನ ವಿಶೇಷ ಶಕ್ತಿ) ಬಳಸುವುದು, ಮೇಲಿನವರನ್ನು ನಾಲ್ಕು ಜನರ ಮುಂದೆ ಸಣ್ಣ ಮಾಡುವುದು.

ಇದೇ ಪ್ರಕಾಶಕರ ಬೇರೆ ಆಟಗಳನ್ನೂ ಒಮ್ಮೆ ತಿರುವಿಹಾಕಿ, ನಿಮ್ಮ ಟೇಬಲ್‌ಗೆ ಉಪಾಯ ಸಿಗುತ್ತದೆ. 2004ರಲ್ಲಿ ಬಂದ ‘ವ್ಯಾಂಪೈರ್: ದಿ ರಿಕ್ವಿಯಂ’ನಲ್ಲಿ ನಗರದ ಸ್ಟೇಟಸ್, ಕ್ಲಾನ್ ಸ್ಟೇಟಸ್, ಕವನಂಟ್ (ಪಂಗಡ) ಸ್ಟೇಟಸ್ ಮೂರೂ ಬೇರೆ ಬೇರೆ. ನನ್ನ ಮಟ್ಟಿಗೆ ಇದು ಹಳೆಯ ಆಟಕ್ಕಿಂತ ಸ್ಪಷ್ಟ. ತನ್ನ ಕ್ಲಾನ್ ಒಳಗೆ ದೇವರಂತೆ ಇರುವವರನ್ನು ಊರಿನ ಸಭೆಯಲ್ಲಿ ಯಾರೂ ಮಾತಾಡಿಸದೇ ಇರಬಹುದು. ವೇಷ ಹಾಕಿ ನಿಂತು ಆಡುವ ‘ಮೈಂಡ್ಸ್ ಐ ಥಿಯೇಟರ್’ನಲ್ಲಿ ಸ್ಟೇಟಸ್ ಅಂದರೆ ಅಂಕಿ ಅಲ್ಲವೇ ಅಲ್ಲ. ‘ಗೌರವಾನ್ವಿತ’, ‘ನಂಬಿಕಸ್ಥ’ ಅನ್ನುವಂಥ ಒಂದೊಂದು ವಿಶೇಷಣ. ಪರಿಚಯಿಸುವಾಗ ಅದನ್ನು ಗಟ್ಟಿಯಾಗಿ ಹೇಳಬೇಕು. ನಿಮ್ಮ ಮೂರು ಚುಕ್ಕೆಗೂ ಹೀಗೆ ಮೂರು ಪದ ಕೊಡಿ. ಒಂದೊಂದು ಪದಕ್ಕೂ ಒಂದೊಂದು ಘಟನೆ. ಶೀಟ್‌ನಲ್ಲಿ ಅಂಕಿ ಪಕ್ಕದಲ್ಲೇ ಬರೆದಿಡಿ.

ಇನ್ನು ನಿಂತಿರುವ ಆಟ. ಅಲ್ಲಿಂದಲೇ ಮುಂದುವರಿಸಿ, ಹಿಂದಕ್ಕೆ ಹೋಗಿ ಅಳಿಸಬೇಡಿ. ಗೆಳೆಯ ಮಾತಾಡಿಯಾಗಿದೆ, ಪ್ರೈಮೋಜೆನ್ ಮುಖ ಕೆಂಪಾಗಿದೆ, ಎಲ್ಲರೂ ನೋಡುತ್ತಿದ್ದಾರೆ. ಪ್ರೈಮೋಜೆನ್‌ಗೂ ಇದು ಬಿಸಿ ತುಪ್ಪ. ಸುಮ್ಮನೆ ಬಿಟ್ಟರೆ ತನ್ನ ಬೆಲೆ ಹೋಗುತ್ತದೆ, ಎಲಿಸಿಯಂನಲ್ಲಿ ಕೈ ಮಾಡುವಂತಿಲ್ಲ, ಎದುರಿಗಿರುವವನ ರಕ್ತ ಎಂಥದ್ದು ಅಂತ ಪೂರ್ತಿ ಗೊತ್ತಿಲ್ಲ. ಈ ಹೊತ್ತಿಗೆ ಅವರಿಗೆ ಮರ್ಯಾದೆ ಕೆಡದೆ ಹಿಂದೆ ಸರಿಯೋಕೆ ಒಂದು ದಾರಿ ಬೇಕು. ಅದನ್ನು ಕೊಡಬಲ್ಲವರು ನೀವು.

ನಿಮ್ಮ ವೆಂಟ್ರೂ ಎರಡು ಹೆಜ್ಜೆ ಮುಂದೆ ಬರಲಿ. ‘ಇವನು ನನ್ನ ಜೊತೆ ಬಂದವನು. ಇವನ ಮಾತಿಗೆ ತಮ್ಮಲ್ಲಿ ನಾನು ಕ್ಷಮೆ ಕೇಳುತ್ತೇನೆ’ ಅನ್ನಲಿ. ಹೊಣೆ ನಿಮ್ಮ ಮೇಲೆ ಬರುತ್ತದೆ, ಪ್ರೈಮೋಜೆನ್‌ಗೆ ನೀವೊಂದು ಚಿಕ್ಕ ಋಣ ಹೊರಬೇಕಾಗುತ್ತದೆ. ಕರಿಸ್ಮಾ ಜೊತೆ ಸ್ಟೇಟಸ್ ಸೇರಿಸಿ ದಾಳ ಹಾಕಲು ಇದಕ್ಕಿಂತ ಒಳ್ಳೆ ಸಂದರ್ಭ ಬರುವುದಿಲ್ಲ. ಆಮೇಲೆ ಹೊರಗೆ ಬಂದು, ಗೆಳೆಯನ ಪಾತ್ರಕ್ಕೆ ಲೆಕ್ಕ ಹೇಳಿ: ಅವನನ್ನು ಉಳಿಸಿದ್ದಕ್ಕೆ ಅವನು ನಿಮಗೆ ಋಣಿ, ಅದೂ ದೊಡ್ಡ ಋಣ. ಹಾರ್ಪಿ ಮುಂದೆ ಅವನೇ ಬಾಯಿಬಿಟ್ಟು ಒಪ್ಪಿಕೊಳ್ಳಲಿ. ಅವನಿಗೂ ಇದರಲ್ಲಿ ಲಾಭ ಇದೆ. ಋಣ ಒಪ್ಪಿಕೊಂಡು ತೀರಿಸಿದವನು ಅಂತ ಮೊದಲ ಸಲ ಅವನ ಹೆಸರು ಯಾರದ್ದೋ ನೆನಪಿನಲ್ಲಿ ಉಳಿಯುತ್ತದೆ, ಸೊನ್ನೆ ಒಂದಾಗಲು ಅಷ್ಟು ಸಾಕು. ಇನ್ನು ನಿಮ್ಮ ಮಟ್ಟಿಗೆ, ಅಷ್ಟು ಗಟ್ಟಿ ರಕ್ತದವನೊಬ್ಬ ನಿಮಗೆ ಋಣಿ ಅನ್ನೋ ಮಾತು ಮುಂದಿನ ಎಲಿಸಿಯಂ ಹೊತ್ತಿಗೆ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಆ ರಾತ್ರಿ ನೀವು ಹಜಾರಕ್ಕೆ ಬಂದಾಗ ಯಾರು ಯಾರು ತಾವಾಗಿಯೇ ಮಾತಾಡಿಸಲು ಬರುತ್ತಾರೆ ಅಂತ ಸ್ಟೋರಿಟೆಲರ್‌ಗೆ ಮೊದಲೇ ಯೋಚಿಸಿಟ್ಟುಕೊಳ್ಳಲು ಹೇಳಿ.